ಬಾಯಿಬಿಟ್ಟು ಓದಿದ ನಡವಳಿ

ಹನ್ನೆರಡೂವರೆಗೆ ಮುಗಿಯಬೇಕಾಗಿದ್ದ ಸಭೆ ಎರಡು ಗಂಟೆಯಾದರೂ ಮುಗಿದಿರಲಿಲ್ಲ. ಜಗಳವಾಗಿ ನಿಂತಿದ್ದರೆ ಸತೀಶ್ ಕುಮಾರ್ ಇಷ್ಟು ಬೇಸರಪಡುತ್ತಿರಲಿಲ್ಲ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗಿ ಹನ್ನೊಂದು ವರ್ಷ ಸವೆಸಿದ್ದ ಅವನು, ಚನ್ನಗಿರಿ ಸೀಮೆಯಲ್ಲಿ ಮೇಜು ಗುದ್ದಿ ಬಳೆ ಒಡೆದುಕೊಂಡ ಸದಸ್ಯೆಯನ್ನೂ, ಹೊನ್ನಾಳಿ ಸೀಮೆಯಲ್ಲಿ ನಡವಳಿ ಪುಸ್ತಕವನ್ನೇ ಕಂಕುಳಲ್ಲಿ ಇಟ್ಟುಕೊಂಡು ಬೈಕ್ ಹತ್ತಿದ ಸದಸ್ಯನನ್ನೂ ಕಂಡವನು. ಅಂಥದಕ್ಕೆಲ್ಲ ಮದ್ದಿತ್ತು. ಒಂದು ಸುತ್ತು ಚಹಾ, ಎರಡು ಸುತ್ತು ಸಮಾಧಾನ, ಕೊನೆಗೆ ‘ನಿಮ್ಮ ಮಾತೇ ಆಗಲಿ’ ಎಂಬ ಒಂದು ಸುಳ್ಳು. ಆದರೆ ಸಹಿ ಹಾಕುವ ಮೊದಲು ಓದುತ್ತೇನೆ ಎಂದು ಪಟ್ಟು ಹಿಡಿಯುವ ಅಧ್ಯಕ್ಷರಿಗೆ ಏನು ಮದ್ದು ಎಂಬುದನ್ನು ಯಾವ ತರಬೇತಿಯಲ್ಲೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಅಧ್ಯಕ್ಷೆ ಅಂಜಮ್ಮನಿಗೆ ಐವತ್ತೆಂಟು ವರ್ಷ. ಮೀಸಲಾತಿಯ ಸರದಿ ಕಾಲೋನಿಯ ಹೆಂಗಸಿಗೆ ಬಂದಾಗ, ‘ಯಾರನ್ನು ಕೂರಿಸಿದರೇನು, ಸುಮ್ಮನಿರುವವಳನ್ನು ಕೂರಿಸೋಣ’ ಎಂದು ಊರಿನ ಹಿರಿಯರು ಲೆಕ್ಕ ಹಾಕಿ ಆರಿಸಿದ ಹೆಂಗಸು. ಮೊದಲ ವರ್ಷ ಆ ಲೆಕ್ಕ ತಪ್ಪಲಿಲ್ಲ. ಆಗ ಅವಳು ಸಹಿಯನ್ನು ಬರೆಯುತ್ತಿರಲಿಲ್ಲ, ಬಿಡಿಸುತ್ತಿದ್ದಳು. ಅಂಗಳದಲ್ಲಿ ಚುಕ್ಕಿಗೆ ಚುಕ್ಕಿ ಕೂಡಿಸುವ ಹಾಗೆ ಮೂರು ಅಕ್ಷರಗಳನ್ನು ಎಡದಿಂದ ಬಲಕ್ಕೆ ಕೂಡಿಸಿ, ಕೆಳಗೊಂದು ಗೆರೆ ಎಳೆದು ಕೈ ಮುಗಿಯುತ್ತಿದ್ದಳು. ಅದರಲ್ಲಿ ‘ಜ’ ಯಾವುದು ಎಂದು ಕೇಳಿದ್ದರೆ ಹೇಳುವ ಶಕ್ತಿ ಅವಳಿಗಿರಲಿಲ್ಲ. ತನ್ನ ಹೆಸರು ಅವಳಿಗೆ ಒಂದು ಚಿತ್ರವಾಗಿತ್ತು. ಆ ವರ್ಷವನ್ನು ನೆನೆದಾಗಲೆಲ್ಲ ಸತೀಶ್ ಕುಮಾರನ ಬಾಯಲ್ಲಿ ಬೆಲ್ಲ ಕರಗುತ್ತಿತ್ತು. ಇಪ್ಪತ್ತು ನಿರ್ಣಯಗಳಿಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು.

ಆಮೇಲೆ ಮೊಮ್ಮಗಳು ಧನುಶ್ರೀ ಶಾಲೆಗೆ ಸೇರಿದಳು. ಸಂಜೆ ಮಗು ಪುಸ್ತಕ ಬಿಡಿಸಿ ಕೂತರೆ ಅಜ್ಜಿಯೂ ಕೂರತೊಡಗಿದಳು. ಒಂದೂವರೆ ವರ್ಷದಲ್ಲಿ ಅಂಜಮ್ಮನಿಗೆ ಅಕ್ಷರಗಳು ಬಂದವು, ಒತ್ತಕ್ಷರಗಳೂ ಬಂದವು. ಬಾರದೆ ಉಳಿದದ್ದು ಒಂದೇ, ಬಾಯಿ ಮುಚ್ಚಿಕೊಂಡು ಓದುವುದು.

ಪದದ ಕೆಳಗೆ ಅವಳ ಬೆರಳು ನಿಲ್ಲುತ್ತಿತ್ತು. ಒಂದೊಂದು ಅಕ್ಷರವನ್ನೂ ಅವಳು ಗಟ್ಟಿಯಾಗಿ ನುಡಿಯುತ್ತಿದ್ದಳು. ನುಡಿದವನ್ನೆಲ್ಲ ಮತ್ತೊಮ್ಮೆ ಬೇಗ ಬೇಗ ಕೂಡಿಸಿ ಹೇಳುತ್ತಿದ್ದಳು. ಆ ಬಳಿಕ ತಲೆಯನ್ನು ಒಂದಿಷ್ಟು ವಾಲಿಸಿ, ತನ್ನದೇ ದನಿ ಕಿವಿಗೆ ಬೀಳುವವರೆಗೆ ಕಾಯುತ್ತಿದ್ದಳು. ಕತ್ತಲಲ್ಲಿ ಬಾಗಿಲು ತಟ್ಟಿದವನನ್ನು ಮುಖದಿಂದಲ್ಲ, ದನಿಯಿಂದ ಗುರುತು ಹಿಡಿಯುವ ಹಾಗೆ. ಕಣ್ಣಿಗೆ ಹೊಸಬನಾದ ಪದವು ಕಿವಿಗೆ ಐವತ್ತು ವರ್ಷದ ನೆಂಟ. ಗುರುತು ಹತ್ತಿದೊಡನೆ ಅವಳ ಮುಖ ಅರಳುತ್ತಿತ್ತು. ‘ಓ, ರಸ್ತೆ!’ ಎನ್ನುತ್ತಿದ್ದಳು, ರಸ್ತೆಯೇ ಎದ್ದು ಮನೆಗೆ ಬಂದಂತೆ.

ಸಂಕಟವೆಂದರೆ, ಪಂಚಾಯಿತಿಯ ನಡವಳಿಯಲ್ಲಿ ಅವಳ ಕಿವಿಗೆ ನೆಂಟರಾದ ಪದಗಳು ಬಹಳ ಕಡಿಮೆ.

ಎರಡು ಗಂಟೆಯ ಹೊತ್ತಿಗೆ ಮೂರು ನಿರ್ಣಯಗಳು ಪಾರಾಗಿದ್ದವು. ನಾಲ್ಕನೆಯದು ಕಾಲೋನಿಯ ಶುದ್ಧ ಕುಡಿಯುವ ನೀರಿನ ಘಟಕದ್ದು. ಐದು ತಿಂಗಳಿಂದ ಅದು ಕೆಟ್ಟು ನಿಂತಿತ್ತು. ಕಾಲೋನಿಯ ಹೆಂಗಸರು ಕ್ಯಾನು ಹೊತ್ತು ಪಕ್ಕದೂರಿನ ಫಿಲ್ಟರಿನ ಮುಂದೆ ಸಾಲು ನಿಲ್ಲುತ್ತಿದ್ದರು. ಅಲ್ಲಿಯವರು ತಮ್ಮವರದು ಮುಗಿದ ಮೇಲೆ ಮನಸ್ಸಾದರೆ ಬಿಡುತ್ತಿದ್ದರು. ಈ ವರ್ಷದ ದುರಸ್ತಿಯ ಪಟ್ಟಿ ಅಂದೇ ಸಂಜೆ ಐದಕ್ಕೆ ಮೇಲಿನ ಕಚೇರಿಯಲ್ಲಿ ಮುಚ್ಚುತ್ತಿತ್ತು. ನಿರ್ಣಯ ಅಷ್ಟರೊಳಗೆ ತಲುಪದಿದ್ದರೆ ಮುಂದಿನ ಬೇಸಿಗೆಯನ್ನೂ ಅದೇ ಸಾಲಿನಲ್ಲಿ ಕಳೆಯಬೇಕು.

“ಇದು ನಿಮ್ಮ ಕಾಲೋನಿ ಕೆಲಸಾನೇ ಅಧ್ಯಕ್ಷರೆ,” ಎಂದ ಸತೀಶ್ ಕುಮಾರ್, ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಡುತ್ತ. “ನಿಮ್ಮದೇ ನೀರು. ಇದಕ್ಕಾದ್ರೂ ಬೇಗ ಹಾಕಿಬಿಡ್ರಿ.”

“ನಮ್ಮದೇ ಅಂತಾನೇ ಓದ್ತೀನಿ ಸಾಹೇಬ್ರೆ. ಬ್ಯಾರೇರದ್ದಾಗಿದ್ರೆ ನೀವು ಹೇಳಿದ್ದೇ ಸೈ ಅಂತಿದ್ದೆ.”

“ಬ್ಯಾರೇರದ್ದೂ ಬಿಡಲಿಲ್ಲ ನೀನು,” ಎಂದು ಉಪಾಧ್ಯಕ್ಷ ಬಸವರಾಜಪ್ಪ ಗೊಣಗಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚನ್ನಗಿರಿಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೊರಟು ನಿಂತಿದ್ದ ಆತ, ಒಂದು ತಾಸಿನಿಂದ ಗಡಿಯಾರವನ್ನೇ ಓದುತ್ತಿದ್ದ. “ನಮ್ಮ ಚರಂಡಿಗೆ ಮುಕ್ಕಾಲು ಗಂಟೆ ತಗೊಂಡೆ. ಅಲ್ಲ, ತಗೊಂಡ್ರಿ.”

ಮುಂಚೆ ಅವನು ಅವಳನ್ನು ‘ಏ ಅಂಜಿ’ ಎನ್ನುತ್ತಿದ್ದವನು. ಕುರ್ಚಿ ಬಂದ ಮೇಲೆ ಮಾತಿನ ಮಧ್ಯೆ ಹೀಗೆ ಎಡವಿ ಎಡವಿ ಬಹುವಚನಕ್ಕೆ ಬರುತ್ತಿದ್ದ.

“ಗೌಡ್ರೆ, ಆ ಹುಡುಗಿ ಎಲ್ಲೂ ಓಡಿಹೋಗಲ್ಲ ಬಿಡ್ರಿ,” ಎಂದು ಅಂಜಮ್ಮ ಬೆರಳು ಊರಿದಳು. “ಸ… ದ… ರಿ. ಸದರಿ.” ತಲೆ ವಾಲಿಸಿದಳು, ಕಾದಳು. ಯಾರೂ ಬಾಗಿಲು ತಟ್ಟಲಿಲ್ಲ. “ಸದರಿ ಅಂದ್ರೇನು?”

“ಸದರಿ ಅಂದ್ರೆ ಅದೇ.”

“ಯಾವುದು?”

“ಮೇಲೆ ಹೇಳಿದ್ದು. ಅದೇ.”

“ಮೇಲೆ ಏನ್ ಹೇಳೈತೆ?”

“ಶುದ್ಧ ಕುಡಿಯುವ ನೀರಿನ ಘಟಕ ಅಂತ ಹೇಳೈತೆ ಅಮ್ಮಾ! ಅದನ್ನೇ ಮತ್ತೆ ಮತ್ತೆ ಬರಿಬಾರದು ಅಂತ ಸದರಿ ಅಂತ ಬರೀತಾರೆ.”

“ನೀರು ಅಂತ ಬರೆದ್ರೆ ಎರಡೇ ಅಕ್ಷರ. ಸದರಿ ಅಂದ್ರೆ ಮೂರು. ಯಾವುದು ಸಸಾರ?”

ಸದಸ್ಯರಲ್ಲಿ ಯಾರೋ ನಕ್ಕರು. ಸತೀಶ್ ಕುಮಾರ್ ಹಣೆಯನ್ನು ಅಂಗೈಯಲ್ಲಿ ಒತ್ತಿಕೊಂಡ. ಹನ್ನೊಂದು ವರ್ಷದಲ್ಲಿ ಈ ಪದವನ್ನು ಅವನು ಎಷ್ಟು ಸಾವಿರ ಸಲ ಬರೆದಿರಬೇಕು! ಒಮ್ಮೆಯೂ ಅದು ಅವನ ಬಾಯಿಂದ ಬಂದದ್ದಿಲ್ಲ. ಜಗಳೂರಿನ ಮನೆಯಲ್ಲಿ ಹೆಂಡತಿಗೆ ‘ಸದರಿ ಸಾರಿಗೆ ಉಪ್ಪು ಕಡಿಮೆ’ ಎಂದು ಅವನೆಂದೂ ಹೇಳಿರಲಿಲ್ಲ.

“ಸ… ಭೆ… ಯ… ಲ್ಲಿ. ಸಭೆಯಲ್ಲಿ. ಹಾ, ಸಭೆ! ಸು… ದೀ… ರ್ಘ…” ಇಲ್ಲಿ ಅರ್ಕಾವೊತ್ತು ಅಡ್ಡ ಬಂತು. ಅದನ್ನು ಎತ್ತಿ ಎಲ್ಲಿಡಬೇಕೆಂದು ಅವಳು ಒಂದು ಕ್ಷಣ ತಡಕಾಡಿದಳು. “ಸುದೀರ್ಘವಾಗಿ ಚರ್ಚಿಸಲಾಗಿ. ಚರ್ಚೆ ಗೊತ್ತು. ಸುದೀರ್ಘ?”

“ಬಹಳ ಹೊತ್ತು.”

“ಈ ನೀರಿನ ಬಗ್ಗೆ ನಾವು ಯಾವಾಗ ಬಹಳ ಹೊತ್ತು ಮಾತಾಡಿದ್ವಿ? ಟೀ ಬಂತು, ಕುಡಿದ್ವಿ, ನೀವು ಪುಸ್ತಕ ಮುಂದೆ ಇಟ್ರಿ.”

“ಅದು ಹಂಗೇ ಬರೆಯೋದು ಅಮ್ಮಾರೆ! ಎಲ್ಲಾ ಪಂಚಾಯಿತೀಲೂ ಹಂಗೇ ಬರೆಯೋದು!”

“ಈಗ ಆಗ್ತಾ ಐತಲ್ಲ ಸುದೀರ್ಘ, ತೃಪ್ತಿ ಆತಾ?” ಎಂದ ಬಸವರಾಜಪ್ಪ.

ಆ ಹೊತ್ತಿಗೆ ಧನುಶ್ರೀ ಬಂದಳು. ಶನಿವಾರ ಶಾಲೆ ಬೆಳಿಗ್ಗೆಯೇ ಬಿಟ್ಟಿತ್ತು. ಹಸಿದ ಮಗು ಅಜ್ಜಿಯನ್ನು ಕರೆದೊಯ್ಯಲು ಬಂದು ಕುರ್ಚಿಯ ಕೈಗೆ ಜೋತುಬಿತ್ತು. ಸತೀಶ್ ಕುಮಾರನಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಎರಡನೇ ತರಗತಿಯ ಈ ಹುಡುಗಿ ಬಸ್ಸಿನ ಬೋರ್ಡುಗಳನ್ನು ಓಡುವಾಗಲೇ ಓದುವವಳು ಎಂಬ ಖ್ಯಾತಿ ಊರಲ್ಲಿತ್ತು.

“ಬಾರವ್ವ, ನಿಮ್ಮಜ್ಜಿಗೆ ಇದನ್ನ ಪಟಪಟ ಓದಿ ಹೇಳು. ಬಿಸ್ಕತ್ ಕೊಡ್ತೀನಿ.”

ಮಗು ಪುಟದ ಮೇಲೆ ಕಣ್ಣು ಹಾಯಿಸಿತು. ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದು ಒಂದೇ ಉಸಿರಿಗೆ ಹೇಳಿತು. ಅದು ಘಟಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದಿನವೂ ಕಾಣುವ ಬರಹ. ಅದಕ್ಕೆ ಅಕ್ಷರಗಳು ಬೇಕೇ ಇರಲಿಲ್ಲ. ಆದರೆ ಕೆಳಗಿಳಿದಂತೆ ಓದು ಕುದುರೆಯೇರಿತು. ‘ನಿರುಪಯುಕ್ತ’ ಎಂಬಲ್ಲಿ ‘ನಿರುಪಮಾ’ ಎಂದಿತು, ಅದು ಅವಳ ಗೆಳತಿಯ ಹೆಸರು. ‘ಪರಿಗಣಿಸಿ’ ಎಂಬುದನ್ನು ‘ಪರೀಕ್ಷಿಸಿ’ ಎಂದು ದಾಟಿತು. ಮೊದಲಕ್ಷರವನ್ನು ಮೂಸಿ, ಬಾಲವನ್ನು ತಾನೇ ಅಂಟಿಸಿ, ಸಂತೋಷದಿಂದ ಸಾಲಿನ ತುದಿಗೆ ಬಂದು ಬಿಸ್ಕತ್ತಿಗೆ ಕೈ ಚಾಚಿತು.

“ಏ, ಅಲ್ಲಿರೋದನ್ನ ಓದೆ, ನಿನ್ನ ತಲೇಲಿರೋದನ್ನಲ್ಲ,” ಎಂದಳು ಅಜ್ಜಿ.

“ಅಲ್ಲಿ ಹಂಗೇ ಐತೆ ಅಜ್ಜಿ.”

“ಐದು ಅಕ್ಷರ ಐತೆ. ನೀನು ನಾಲ್ಕು ಹೇಳ್ದೆ. ಇನ್ನೊಂದನ್ನ ಯಾರು ತಿಂದ್ರು?”

“ನೀನು ಎಣಿಸ್ತಿಯಾ, ಓದಲ್ಲ,” ಎಂದು ಮಗು ಮುಖ ಊದಿಸಿಕೊಂಡು, ಬಿಸ್ಕತ್ತಿನೊಂದಿಗೆ ಮೂಲೆಯ ಬೆಂಚಿಗೆ ಹೋಯಿತು.

ಬೆರಳು ಮತ್ತೆ ಮೊದಲಿಗೆ ಮರಳಿತು. ಗಂಟೆ ಮೂರಾಯಿತು. ಬಸವರಾಜಪ್ಪ ಫೋನಿನಲ್ಲಿ ‘ಉಂಗುರ ತಡೀರಿ, ಬಂದೆ, ಬಂದೆ’ ಎಂದು ಯಾರನ್ನೋ ಬೇಡುತ್ತಿದ್ದ. ಸತೀಶ್ ಕುಮಾರನ ಸಹನೆ ಸೀರೆಯ ಹಳೇ ಸೆರಗಿನಂತೆ ಎಳೆ ಎಳೆಯಾಗಿ ಬಿಡುತ್ತಿತ್ತು. ಈಕೆಯೊಬ್ಬಳು ಓದು ಕಲಿಯದಿದ್ದರೆ ನಾಡಿಗೆ ಏನು ಕೊರತೆಯಾಗುತ್ತಿತ್ತು ಎಂಬ ಪಾಪದ ವಿಚಾರವೂ ಒಮ್ಮೆ ಸುಳಿದು, ಅವನೇ ಅದನ್ನು ನುಂಗಿಕೊಂಡ.

“ನಿ… ಯ… ಮಾ… ನು… ಸಾ… ರ. ನಿಯಮಾನುಸಾರ.”

“ಕಾಯ್ದೆ ಪ್ರಕಾರ.”

“ತೆ… ರ… ವು… ಗೊ… ಳಿ… ಸ… ಲು. ತೆರವುಗೊಳಿಸಲು. ಇದೇನು?”

“ತೆರವುಗೊಳಿಸೋದು ಅಂದ್ರೆ,” ಎಂದು ಸತೀಶ್ ಕುಮಾರ್ ಹಲ್ಲು ಕಚ್ಚಿಕೊಂಡೇ ಹೇಳಿದ, “ಕಿತ್ತು ಹಾಕೋದು ಅಮ್ಮಾ. ಇದ್ದದ್ದನ್ನ ಬಿಚ್ಚಿ, ಜಾಗ ಖಾಲಿ ಮಾಡೋದು. ಅಷ್ಟೇ. ಮುಂದಕ್ಕೆ ಹೋಗ್ರಿ.”

ಅವಳು ಮುಂದಕ್ಕೆ ಹೋಗಲಿಲ್ಲ. ಬೆರಳೆತ್ತಿ ಅವನ ಮುಖ ನೋಡಿದಳು.

“ಅಂದ್ರೆ ನಮ್ಮ ಫಿಲ್ಟರ್ ಕಿತ್ತು ಹಾಕ್ತೀರಾ?”

“ಯಾರು ಹೇಳಿದ್ದು ಹಂಗಂತ?”

“ನೀವೇ ಈಗ ಹೇಳಿದ್ರಲ್ಲ.”

ಬಸವರಾಜಪ್ಪ ಫೋನು ಇಳಿಸಿ ಇತ್ತ ತಿರುಗಿದ. ಸತೀಶ್ ಕುಮಾರ್ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡ. ಬೆಳಗಿನಿಂದ ಆ ಪುಟವನ್ನು ಅವನು ಮೂರು ಸಲ ಓದಿದ್ದ. ಓದಿದ್ದೇನೆಂದೇ ನಂಬಿದ್ದ. ವಿಷಯದ ಸಾಲಿನಲ್ಲಿ ‘ದುರಸ್ತಿ ಕುರಿತು’ ಎಂದು ಸರಿಯಾಗಿಯೇ ಇತ್ತು. ಕೆಳಗೆ: ‘ಸದರಿ ಘಟಕದ ಕುರಿತು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಲಾಗಿ, ಅದು ಬಹುಕಾಲದಿಂದ ನಿರುಪಯುಕ್ತವಾಗಿರುವುದನ್ನು ಪರಿಗಣಿಸಿ, ನಿಯಮಾನುಸಾರ ತೆರವುಗೊಳಿಸಲು ಅಗತ್ಯ ಕ್ರಮ ವಹಿಸುವಂತೆ ಸರ್ವಾನುಮತದಿಂದ ನಿರ್ಣಯಿಸಲಾಯಿತು.’

ಹೋದ ವರ್ಷ ಬಿರುಕು ಬಿಟ್ಟ ಮಿನಿ ಟ್ಯಾಂಕನ್ನು ಕೆಡವಲು ಮಾಡಿದ ನಿರ್ಣಯ ಅದು. ಹೊಸ ನಿರ್ಣಯ ಬೇಕಾದಾಗ ಹಳೆಯದನ್ನು ಕಂಪ್ಯೂಟರಿನಲ್ಲಿ ತೆರೆದು, ಮೇಲಿನ ಹೆಸರು ಬದಲಿಸಿ, ತಾರೀಖು ತಿದ್ದಿ, ಮುದ್ರಿಸಿ ಪುಸ್ತಕಕ್ಕೆ ಅಂಟಿಸುವುದು ಅವನು ಬಂದಾಗಿನಿಂದ ನಡೆದ ಕ್ರಮ. ಅವನಿಗಿಂತ ಹಿಂದಿನವರದೂ ಅದೇ. ಟ್ಯಾಂಕು ಇದ್ದಲ್ಲೆಲ್ಲ ಘಟಕ ಎಂದು ಹಾಕಿದ್ದ. ಬಾಲದ ಸಾಲು ಹಾಗೇ ಉಳಿದಿತ್ತು. ಮೂರು ಸಲವೂ ಅವನ ಕಣ್ಣು ಆ ಸಾಲಿನ ಮೇಲೆ ಹರಿದಿತ್ತು, ಕಲ್ಲಿನ ಮೇಲೆ ನೀರು ಹರಿದಂತೆ. ಪ್ರತಿಯೊಂದು ಪದವನ್ನೂ ಗುರುತಿಸಿ, ಯಾವುದನ್ನೂ ಕೇಳಿಸಿಕೊಳ್ಳದೆ. ಈಗ, ಬೇಸತ್ತ ತನ್ನ ಬಾಯಿಂದಲೇ ‘ಕಿತ್ತು ಹಾಕೋದು’ ಎಂಬ ಮಾತು ಹೊರಬಿದ್ದ ಮೇಲೆ, ಮೊದಲ ಬಾರಿಗೆ ಅದು ಅವನ ಕಿವಿಗೆ ತಾಗಿತ್ತು.

“ತಪ್ಪಾಗೈತೆ,” ಎಂದ. ಆ ಮಾತನ್ನು ಆ ಕೋಣೆಯಲ್ಲಿ ಯಾರೂ ಅವನಿಂದ ಕೇಳಿರಲಿಲ್ಲ.

“ನಾನೂ ಓದಿ ಸಹಿ ಹಾಕಿದ್ನಲ್ರೀ!” ಎಂದು ಬಸವರಾಜಪ್ಪ ದಿಗಿಲುಬಿದ್ದ.

“ಓದಿದ್ರಾ ಗೌಡ್ರೆ?” ಅಂಜಮ್ಮ ಕೇಳಿದಳು.

“ನೋಡಿದ್ದೆ.”

ಕಂಪ್ಯೂಟರ್ ಹಚ್ಚಲು ಹೋದರೆ ಕರೆಂಟ್ ಇರಲಿಲ್ಲ. ಶನಿವಾರ ಮೂರರಿಂದ ಆರು ಲೈನ್ ಕೆಲಸವೆಂದು ಹಿಂದಿನ ದಿನವೇ ಸಾರಿದ್ದರು. ಸತೀಶ್ ಕುಮಾರ್ ಹಳೆಯ ಹಾಳೆಗೆ ಅಡ್ಡಗೆರೆ ಎಳೆದು, ಹೊಸ ಪುಟ ತೆಗೆದು ಪೆನ್ನು ಹಿಡಿದ. ಪೆನ್ನು ತನ್ನಷ್ಟಕ್ಕೆ ‘ಸದರಿ’ ಎಂದು ಬರೆಯಿತು. ಹೊಡೆದು ಹಾಕಿದ. ಮತ್ತೆ ಆರಂಭಿಸಿದ, ‘ಮೇಲ್ಕಂಡ’ ಎಂದಾಯಿತು. ಅದನ್ನೂ ಹೊಡೆದ. ಹದಿನೈದು ವರ್ಷ ಓದಿ, ಹನ್ನೊಂದು ವರ್ಷ ಬರೆದು, ಒಂದು ಕೆಟ್ಟ ಯಂತ್ರವನ್ನು ಸರಿಮಾಡಿಸಿ ಎಂದು ಕನ್ನಡದಲ್ಲಿ ಹೇಳಲು ಅವನಿಗೆ ಮಾತು ಸಿಗುತ್ತಿರಲಿಲ್ಲ. ಸಿಟ್ಟಿಗೆ ಈಗ ಬೇರೆ ಯಾರೂ ಉಳಿದಿರಲಿಲ್ಲ, ಅದು ಅವನ ಮೇಲೆಯೇ ತಿರುಗಿತು.

“ನೀವೇ ಹೇಳ್ರಿ ಅಮ್ಮಾರೆ. ಹೇಳಿದಂಗೆ ಬರೀತೀನಿ.”

“ಬರೀರಿ. ನಮ್ಮ ಕಾಲೋನಿಯ ನೀರಿನ ಫಿಲ್ಟರ್ ಐದು ತಿಂಗಳಿಂದ ಕೆಟ್ಟು ಕುಂತೈತೆ.”

“ಕೆಟ್ಟಿದೆ ಅಂತ ಹಾಕ್ತೀನಿ.”

“ಹಾಕ್ರಿ. ಅದನ್ನ ರಿಪೇರಿ ಮಾಡಿಸಬೇಕು. ಕೀಳಬಾರದು. ಹನ್ನೊಂದೂ ಜನ ಒಪ್ಪಿದ್ದೀವಿ.”

“ಕೀಳಬಾರದು ಅಂತ ಯಾಕೆ?”

“ಇರ್ಲಿ ಬಿಡ್ರಿ, ನಿಮ್ಮೋರಿಗೆ ಗೊತ್ತಾಗ್ಲಿ.”

ಬರೆದ. ಅವಳು ಓದಿದಳು. ಈ ಸಲ ಬೆರಳು ಎಲ್ಲೂ ತಡೆಯಲಿಲ್ಲ. ಒಂದೊಂದು ಪದವೂ ಕರೆಯುವ ಮೊದಲೇ ಬಾಗಿಲು ತೆಗೆದು ಬಂತು. ಎರಡು ನಿಮಿಷದಲ್ಲಿ ಮುಗಿಸಿ ಸಹಿ ಹಾಕಿದಳು. ಉಳಿದ ಹತ್ತು ಜನರೂ ಹಾಕಿದರು. ಬಸವರಾಜಪ್ಪ ಈ ಬಾರಿ ತುಟಿಯಲ್ಲಾಡಿಸಿಕೊಂಡು ಓದಿ ಹಾಕಿ, ಚನ್ನಗಿರಿಯ ದಾರಿ ಹಿಡಿದ.

ನಾಲ್ಕೂ ಹತ್ತಕ್ಕೆ ಸತೀಶ್ ಕುಮಾರ್ ಪುಸ್ತಕವನ್ನು ಚೀಲಕ್ಕೆ ಹಾಕಿ ಬೈಕ್ ಹೊಡೆದ. ರಸ್ತೆಯುದ್ದಕ್ಕೂ ಜೋಳ ಹರವಿದ್ದರು. ಒಂದೆಡೆ ಕುರಿಮಂದೆ ಅಡ್ಡ ಬಂತು. ಮೇಲಿನ ಕಚೇರಿಯ ಮೆಟ್ಟಿಲು ಹತ್ತಿದಾಗ ಐದಕ್ಕೆ ಎಂಟು ನಿಮಿಷ. ಪಟ್ಟಿಯ ಗುಮಾಸ್ತ ಪರಶುರಾಮ್ ಊಟದ ಡಬ್ಬಿಯನ್ನು ಆಗಲೇ ಚೀಲಕ್ಕೆ ತುಂಬಿಕೊಂಡಿದ್ದ.

“ಏನ್ರಿ ಸತೀಶ್, ದಿನಾ ನೀವೇ ಕೊನೆ,” ಎನ್ನುತ್ತ ಆತ ಪುಟ ತೆರೆದ, ತಲೆಬರಹ ನೋಡಿದ, ಮೊಹರು ನೋಡಿದ, ಸಹಿಗಳ ಸಾಲು ನೋಡಿದ. ಕಂಪ್ಯೂಟರಿನಲ್ಲಿ ಎರಡು ಕಡೆ ಒತ್ತಿದ. ಸ್ವೀಕೃತಿಯ ಚೀಟಿ ಹೊರಬಂತು.

“ಒಂದ್ಸಲ ಓದ್ರಿ ಸಾರ್. ಇವತ್ತು ಸ್ವಲ್ಪ ಬೇರೆ ಥರ ಬರೆದೀವಿ.”

“ಓದೋದೇನೈತ್ರಿ? ಎಲ್ಲಾರದ್ದೂ ಅದೇ.”

ಚೀಟಿಯ ಮೇಲೆ ಕಣ್ಣಾಡಿಸಿದ ಸತೀಶ್ ಕುಮಾರ್. ಊರಿನ ಹೆಸರು ಇತ್ತು, ಘಟಕ ಇತ್ತು, ದುರಸ್ತಿ ಇತ್ತು. ನಿಟ್ಟುಸಿರಿಟ್ಟು ಕಿಸೆಗೆ ಸೇರಿಸಿ, ಮೆಟ್ಟಿಲಿಳಿದು, ಅಂಜಮ್ಮನಿಗೆ ಫೋನು ಮಾಡಿದ.

“ಆತು ಅಮ್ಮಾರೆ. ಪಟ್ಟಿಗೆ ಸೇರ್ತು. ಚೀಟಿ ಕೊಟ್ರು.”

“ಚೀಟೀಲಿ ಏನ್ ಬರ್ದಾರೆ?”

“ಸೇರ್ತು ಅಂತ ಬರ್ದಾರೆ.”

“ಓದ್ರಿ.”

“ನಾಳೆ ತಂದು ತೋರಿಸ್ತೀನಮ್ಮಾ, ನೀವೇ ಓದ್ಕೊಳ್ರಿ.”

“ನಾಳೆ ಭಾನುವಾರ. ಈಗ ಓದ್ರಿ, ನಾನು ಕೇಳ್ತೀನಿ.”

ಹಾಳಾಗಲಿ ಎಂದು ಚೀಟಿ ತೆಗೆದ. ಬೀದಿಯಲ್ಲಿ ನಿಂತು, ಹೋಗಿಬರುವವರ ನಡುವೆ, ಗಟ್ಟಿಯಾಗಿ ಓದತೊಡಗಿದ: “ಕ್ರಮ ಸಂಖ್ಯೆ ನಲವತ್ತೊಂದು. ಕಾಮಗಾರಿಯ ವಿವರ: ಶುದ್ಧ ಕುಡಿಯುವ ನೀರಿನ ಘಟಕ. ವಿಧ: ದುರಸ್ತಿ, ಓರೆಗೆರೆ, ತೆರವು.”

ಓದಿ ನಿಂತ. ಆ ಕಡೆಯಿಂದ ಮೊಮ್ಮಗಳು ಏನೋ ಕೇಳುತ್ತಿದ್ದ ಸದ್ದು ಬರುತ್ತಿತ್ತು.

“ಓರೆಗೆರೆ ಅಂದ್ರೇನು ಸಾಹೇಬ್ರೆ?” ಎಂದಳು ಅಂಜಮ್ಮ.

“ಇದು ಇಲ್ಲಾಂದ್ರೆ ಅದು ಅಂತ.”

“ಅದನ್ನ ಯಾರು ಆರಿಸ್ತಾರೆ?”

ಅವನು ಫೋನು ಕಿವಿಯಲ್ಲೇ ಇಟ್ಟುಕೊಂಡು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಪರಶುರಾಮ್ ಬಾಗಿಲಿಗೆ ಬೀಗ ತೂಗಿಸುತ್ತಿದ್ದ.

“ಸಾರ್, ಇದು ರಿಪೇರಿನೋ, ಕೀಳೋದೋ?”

“ಎರಡಕ್ಕೂ ಒಂದೇ ಕಾಲಂ ಕಣ್ರಿ. ಹೋಗ್ಲಿ, ಸ್ಥಳಕ್ಕೆ ಬಂದೋರು ನೋಡ್ಕೊತಾರೆ.”

“ಬಂದೋರು ಏನನ್ನ ನೋಡ್ತಾರೆ?”

“ಏನ್ರಿ ಇದು, ಸಣ್ಣ ಮಕ್ಕಳಂಗೆ! ಐದಾತು, ಮನೇಲಿ ಕಾಯ್ತಿರ್ತಾರೆ.”

“ಸಾರ್,” ಎಂದ ಸತೀಶ್ ಕುಮಾರ್, ಬಾಗಿಲಿಗೆ ಅಡ್ಡವಾಗಿ ನಿಂತು, ಚೀಲದಿಂದ ಪುಸ್ತಕ ತೆಗೆದು ಚಾಚುತ್ತ. ಅವನ ದನಿಯಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಿತ್ತು. “ಹನ್ನೊಂದು ಜನ ಇದಕ್ಕೆ ಅರ್ಧ ದಿನ ಕೊಟ್ಟವರೆ. ಮೂರು ಸಾಲು ಐತೆ ಅಷ್ಟೇ. ಒಂದೇ ಸಲ ಬಾಯಿಬಿಟ್ಟು ಓದ್ರಿ. ಆಮೇಲೆ ನಿಮಗೇನನ್ನಿಸ್ತದೋ ಅದು ಮಾಡ್ರಿ.”

ಹುಚ್ಚನ ಜೊತೆ ವಾದಿಸುವುದಕ್ಕಿಂತ ಓದುವುದೇ ಲೇಸೆಂದು ಪರಶುರಾಮ್ ಪುಟ ತೆರೆದ. ವರದಿ ಒಪ್ಪಿಸುವ ದನಿಯಲ್ಲಿ ಆರಂಭಿಸಿ, ಎರಡನೆಯ ಸಾಲಿಗೆ ಬರುವಾಗ ನಿಧಾನಿಸಿದ. “…ಕೀಳಬಾರದು,” ಎಂದು ಓದಿ ಒಮ್ಮೆ ತಲೆಯೆತ್ತಿದ. “ಇದೆಂಥ ನಡವಳಿ ಮಾರಾಯ್ರೆ, ಯಾರೋ ಎದುರಿಗೆ ಕುಂತು ಗದರಿಸಿದಂಗೈತೆ.” ಬೀಗ ತೆಗೆದು ಒಳಗೆ ಹೋದ. ಗೊಣಗುತ್ತಲೇ ಚೀಟಿಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಪಟ್ಟಿಯಲ್ಲೂ ಹಾಗೆಯೇ ತಿದ್ದಿದ.

“ಹೊಡೆದು ಹಾಕಿದ್ರು ಅಮ್ಮಾರೆ,” ಎಂದ ಸತೀಶ್ ಕುಮಾರ್ ಫೋನಿಗೆ.

“ಯಾವುದನ್ನ?”

ಬೈಯಬೇಕೆನ್ನಿಸಿತು. ಬಾಯಿ ತೆರೆದೂ ತೆರೆದ. ಆದರೆ ಬಂದ ಮಾತನ್ನು ಅಲ್ಲಿಯೇ ಹಿಡಿದು, ಚೀಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿದ. ಗೆರೆ ಬಿದ್ದ ಪದವನ್ನೂ ಬೀಳದ ಪದವನ್ನೂ, ಒಂದೊಂದೇ ಅಕ್ಷರವಾಗಿ, ಅವಳಿಗೆ ಕೇಳುವ ಹಾಗೆ ಓದಿದ.